ಬತ್ತೆ ಎಂದ ಒಂಟೆ

ಹಲಸಿನ ಹಪ್ಪಳ ಮುರಿಯುವ ಸದ್ದು ಕೇಳಿದರೆ ನಿಮಗೆ ಏನು ನೆನಪಾಗುತ್ತದೆ? ಕರಾವಳಿಯವರಾದರೆ ಮಳೆಗಾಲ ಎನ್ನುತ್ತೀರಿ, ಬಿಸಿ ಗಂಜಿ ಎನ್ನುತ್ತೀರಿ. ನನಗೆ ನೆನಪಾಗುವುದು ಮರುಭೂಮಿಯಲ್ಲಿ ಹೊತ್ತಿಸಿದ ಬೆಂಕಿ, ಅದರ ಸುತ್ತ ಕುಳಿತು ಕಷ್ಟಸುಖ ಮಾತಾಡುವ ಒಂಟೆಗಳು. ನನ್ನ ತಲೆ ನೆಟ್ಟಗಿದೆಯೇ ಎಂದು ಅನುಮಾನಿಸಬೇಡಿ. ಕುವೈತಿನ ಬಿಸಿಲಿಗೆ ವರ್ಷಗಟ್ಟಲೆ ತಲೆಯೊಡ್ಡಿದವಳು ನಾನು, ಸ್ವಲ್ಪ ಏರುಪೇರಾಗಿದ್ದರೂ ಆಶ್ಚರ್ಯವಿಲ್ಲ. ಆದರೆ ಈ ಒಂದು ವಿಷಯದಲ್ಲಿ ನನ್ನ ಹತ್ತಿರ ಸಾಕ್ಷಿ ಇದೆ.

ಮೊನ್ನೆ ಖೈತಾನಿನ ನಮ್ಮ ಫ್ಲ್ಯಾಟಿನಲ್ಲಿ ಹಪ್ಪಳ ಕರಿಯುತ್ತಿದ್ದೆ. ಮಗಳು ಮೈತ್ರಿ ಮೈಸೂರಿನ ಕಾಲೇಜಿಗೆ ಹೊರಡುವವಳು, ಹಾಲ್‌ನ ತುಂಬ ಬಟ್ಟೆ ಹರಡಿಕೊಂಡು ಪೆಟ್ಟಿಗೆ ತುಂಬುತ್ತಿದ್ದಳು. ಹನ್ನೆರಡನೆಯ ಕ್ಲಾಸು ಮುಗಿಯಿತೆಂದರೆ ಇಲ್ಲಿಯ ನಮ್ಮ ಮಕ್ಕಳಿಗೆ ಊರಿನ ದಾರಿ. ಹುಟ್ಟಿದ್ದು ಇಲ್ಲಿ, ಬೆಳೆದದ್ದು ಇಲ್ಲಿ, ಆದರೂ ಹೋಗುವುದಕ್ಕೆ ನಾವು 'ವಾಪಸು' ಎನ್ನುತ್ತೇವೆ. ಅವಳು ಬಂದು ಒಂದು ಹಪ್ಪಳ ಎತ್ತಿಕೊಂಡು ಕರ್ ಎಂದು ಕಚ್ಚಿದಳು. ನಾನು ಅಭ್ಯಾಸಬಲದಿಂದ, "ಅಗೋ, ಬೆಂಕಿ ಹತ್ತಿತು" ಎಂದೆ.

"ಅಮ್ಮಾ, ಪ್ಲೀಸ್. ನಾಟ್ ದಟ್ ಕ್ಯಾಮೆಲ್ ಸ್ಟೋರಿ ಅಗೈನ್" ಎಂದಳು ಅವಳು.

ಅಗೈನ್ ಅಂತೆ. ಆ ಕತೆಯನ್ನು ಅವಳು ಒಂದು ಸಲವೂ ಪೂರ್ತಿ ಕೇಳಿಲ್ಲ. ಕುವೈತಿನ ಅರ್ಧ ಕನ್ನಡಿಗರಿಗೆ, ಅವರು ಬೇಡಬೇಡವೆಂದರೂ, ನಾನು ಹೇಳಿದ್ದೇನೆ. ಹುಟ್ಟುಹಬ್ಬದ ಊಟಗಳಲ್ಲಿ ಹೇಳಿದ್ದೇನೆ, ಯಕ್ಷಗಾನಕ್ಕೆಂದು ಸೇರಿದ ಕಡೆ ಚೆಂಡೆಯ ನಡುವೆಯೂ ಹೇಳಿದ್ದೇನೆ. ಮಗಳು ಮಾತ್ರ ಪ್ರತಿ ಸಲವೂ ಅರ್ಧದಲ್ಲಿ ಎದ್ದು ಹೋಗಿದ್ದಾಳೆ. ನೀವು ಎದ್ದು ಹೋಗುವ ಹಾಗಿಲ್ಲ, ಕುಳಿತುಕೊಳ್ಳಿ.

ಅವಳು ಐದು ವರ್ಷದವಳಿದ್ದಾಗ ನಾನು ಶರ್ಕ್ ಎಂಬ ಬಡಾವಣೆಯ ಒಂದು ಕಟ್ಟಡದಲ್ಲಿ, ಜಾಹೀರಾತು ಮಾಡುವ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೆ. ಇಕಾಮಾದಲ್ಲಿ, ಅಂದರೆ ಇಲ್ಲಿ ವಾಸಿಸುವ ಪರವಾನಗಿಯಲ್ಲಿ, ಬರೆದದ್ದು ಸೆಕ್ರೆಟರಿ ಎಂದು. ಮಾಡುತ್ತಿದ್ದದ್ದು ಚಹಾ ಒಂದು ಬಿಟ್ಟು ಉಳಿದೆಲ್ಲ. ನಮ್ಮ ಯಜಮಾನರು ಕುವೈತಿ. ಎಲ್ಲರೂ ಅವರನ್ನು ಮುದೀರ್, ಅಂದರೆ ಮ್ಯಾನೇಜರ್, ಎಂದೇ ಕರೆಯುತ್ತಿದ್ದರು. ಮೊಸರಿನ ಜಾಹೀರಾತಿಗೆ ಕುಣಿಯುವ ಸೌತೆಕಾಯಿ ಮಾಡಿ ಗೆದ್ದ ಉತ್ಸಾಹದಲ್ಲಿ ಅವರು ಒಂದು ಬೆಳಿಗ್ಗೆ, ಮನೆಮಂದಿಯೆಲ್ಲ ಕುಳಿತು ನೋಡುವಂಥ ಕಂಪ್ಯೂಟರ್ ಅನಿಮೇಶನ್ ಸಿನಿಮಾ ತೆಗೆಯೋಣ ಎಂದರು. ಸೌತೆಕಾಯಿ ಮಾಡಿದವನು ಜುನ್ ಎಂಬ ಫಿಲಿಪೀನ್ಸಿನ ಹುಡುಗ. ಅವನ ಮುಖ ಆ ಕ್ಷಣ ಸೌತೆಕಾಯಿಯ ಬಣ್ಣಕ್ಕೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡೆ.

ಕತೆ ಒಂಟೆಗಳ ಒಂದು ಕುಟುಂಬದ್ದು. ಅಜ್ಜಿ ಒಂಟೆ, ಮರಿ ಒಂಟೆ, ನಡುವೆ ಜಗಳವಾಡುವ ಅಪ್ಪ ಅಮ್ಮ. ಕೊನೆಯಲ್ಲಿ ಅಜ್ಜಿ ದೂರದ ಒಂದು ಬಾವಿಯನ್ನು ಹುಡುಕಿಕೊಂಡು ಒಬ್ಬಳೇ ಹೊರಡುತ್ತಾಳೆ. ಸಿನಿಮಾ ಮುಗಿದ ಮೇಲೆ ಅದರ ಡಿಸ್ಕಿನಲ್ಲಿ 'ಚಿತ್ರ ತಯಾರಾದ ಬಗೆ' ಎಂಬ ಹೆಚ್ಚುವರಿ ಭಾಗವನ್ನೂ ಹಾಕಿದ್ದರು. ಅದರಲ್ಲಿ ಮುದೀರ್ ಕಪ್ಪು ಕನ್ನಡಕ ಹಾಕಿ, ನಮ್ಮ ತಂಡ ಒಂಟೆಗಳ ನಡೆನುಡಿಯನ್ನು ಹತ್ತಿರದಿಂದ ಅಭ್ಯಾಸ ಮಾಡಿದೆ ಎಂದು ಗಂಭೀರವಾಗಿ ಹೇಳುತ್ತಾರೆ. ಜುನ್ ಹತ್ತಿರದಿಂದ ಕಂಡ ಒಂಟೆ ಹಾಲಿನ ಪ್ಯಾಕೆಟ್ಟಿನ ಮೇಲಿತ್ತು. ನಿಜವಾಗಿ ತಯಾರಾದ ಬಗೆಯನ್ನು ನಾನು ಹೇಳುತ್ತೇನೆ.

ಮೊದಲನೆಯದಾಗಿ, ಕಂಪ್ಯೂಟರಿನಲ್ಲಿ ಕೂದಲು ಮಾಡುವುದು ಬಹಳ ಕಷ್ಟ. ಒಂದೊಂದು ಎಳೆಯೂ ಬೇರೆ ಬೇರೆ ಅಲುಗಬೇಕು, ನೆರಳು ಬೀಳಬೇಕು. ನಮ್ಮ ಬಡ ಯಂತ್ರಗಳಿಗೆ ಅದು ಆಗುವ ಮಾತಲ್ಲ. ಹಾಗಾಗಿ ನಮ್ಮ ಒಂಟೆಗಳೆಲ್ಲ ಎಣ್ಣೆ ಸವರಿದ ಬದನೆಕಾಯಿಯ ಹಾಗೆ ನುಣ್ಣಗಿದ್ದವು. ಯಾರಾದರೂ ಕೇಳಿದರೆ ಮುದೀರ್, "ಬೇಸಿಗೆ, ಬೋಳಿಸಿದ್ದೇವೆ" ಎನ್ನುತ್ತಿದ್ದರು. ಕಾಲುಗಳೂ ಕಷ್ಟವೇ, ಅದರಲ್ಲೂ ನಾಲ್ಕು. ಆದ್ದರಿಂದ ಒಂಟೆಗಳು ಅರ್ಧ ಸಿನಿಮಾ ಮರಳಿನ ದಿಬ್ಬದ ಹಿಂದೆ ನಿಂತೇ ಸಂಸಾರ ಮಾಡಿದವು. ಚಿತ್ರವೊಂದನ್ನು ಹೊಂದಿಸಿಟ್ಟ ಮೇಲೆ ಕಂಪ್ಯೂಟರ್ ಅದನ್ನು ಚೂರುಚೂರಾಗಿ ಲೆಕ್ಕ ಹಾಕಿ ಹೊರಗೆ ಕೊಡಬೇಕು, ಅದಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು. ಜುನ್ ಅದಕ್ಕೆ 'ಬೇಯಲು ಇಟ್ಟಿದ್ದೇನೆ' ಎನ್ನುತ್ತಿದ್ದ. ಬೆಂದು ಬಂದದ್ದರಲ್ಲಿ ಒಂಟೆಯ ಕಿವಿ ಕುತ್ತಿಗೆಯೊಳಗಿಂದ ತೂರಿ ಬಂದಿದ್ದರೆ ಪುನಃ ಒಲೆ ಹೊತ್ತಿಸಬೇಕು.

ಸದ್ದುಗಳ ಖಾತೆ ನನ್ನದು. ಮರಳಿನ ಮೇಲೆ ಒಂಟೆ ನಡೆಯುವ ಸದ್ದು ಬೇಕೆಂದರು. ನಾನು ಮನೆಯಿಂದ ಕುಚ್ಚಲಕ್ಕಿಯ ಚೀಲ ತಂದು ಮೈಕಿನ ಮುಂದೆ ಎರಡೂ ಕೈಯಿಂದ ಒತ್ತಿದೆ. ಮೆತ್ತಗೆ, ಭಾರವಾಗಿ, ಸಾಕ್ಷಾತ್ ಒಂಟೆಯೇ ನಡೆದಂತಿತ್ತು. ಆಮೇಲೆ ಆ ಅಕ್ಕಿಯ ಗಂಜಿಯನ್ನು ನಾವೇ ಉಂಡೆವು. ಬೆಂಕಿ ಚಟಪಟ ಎನ್ನುವ ಸದ್ದಿಗೆ ಅತ್ತೆ ಊರಿನಿಂದ ತಂದ ಹಲಸಿನ ಹಪ್ಪಳವನ್ನು ಕರಿದು, ಬೆರಳ ತುದಿಯಲ್ಲಿ ಒಂದಿಷ್ಟಿಷ್ಟೇ ಮುರಿದೆ. ಆ ಹಪ್ಪಳ ವ್ಯರ್ಥವಾಯಿತೆಂದು ಅತ್ತೆ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಅತ್ತೆ ಎಂದೆನಲ್ಲ, ಅವರನ್ನು ನಿಮಗೆ ಪರಿಚಯಿಸಬೇಕು. ನನ್ನ ಗಂಡನ ಅಮ್ಮ, ಕುಂದಾಪುರದ ಕಡೆಯವರು. ಆ ಚಳಿಗಾಲ ವಿಸಿಟ್ ವೀಸಾದಲ್ಲಿ ನಮ್ಮಲ್ಲಿಗೆ ಬಂದಿದ್ದರು. ನಾನು ಉಡುಪಿಯ ತುಳು ಮನೆಯವಳು. ಅವರ ಕುಂದಾಪುರ ಕನ್ನಡ ನನಗೆ ಮದುವೆಯಾದ ಹೊಸತರಲ್ಲಿ ಅರಬಿಯಷ್ಟೇ ಅರ್ಥವಾಗುತ್ತಿತ್ತು. ಎಲೆ ಅಡಿಕೆ ಹಾಕಿ ಹಾಕಿ ಅವರ ಕೆಳತುಟಿ ಸ್ವಲ್ಪ ಮುಂದೆ ಬಂದು, ಸದಾ ಏನನ್ನೋ ಆಕ್ಷೇಪಿಸುತ್ತಿರುವ ಹಾಗೆ ಕಾಣುತ್ತಿತ್ತು. ಹೆಚ್ಚಿನ ಸಮಯ ಆಕ್ಷೇಪಿಸುತ್ತಲೂ ಇದ್ದರು. ಅದೇ ತುಟಿ ಮೈತ್ರಿಗೆ ಬಂದಿದೆ, ಎಲೆ ಅಡಿಕೆಯ ಹಂಗಿಲ್ಲದೆ. ಆ ಚಳಿಗಾಲವೆಲ್ಲ ಅಜ್ಜಿ ಮೊಮ್ಮಗಳು ಇಬ್ಬರೂ ಬಾಲ್ಕನಿಯಲ್ಲಿ ಕುಳಿತು, ಒಂದೇ ಬಗೆಯ ತುಟಿ ಮುಂದೆ ಚಾಚಿ, ಬೀದಿಯ ಮೇಲೆ ತೀರ್ಪು ಕೊಡುತ್ತಿದ್ದರು. ಮಗು ಆಗ ಕುಂದಾಪುರ ಕನ್ನಡವನ್ನು ನನಗಿಂತ ಚೆನ್ನಾಗಿ ಮಾತಾಡುತ್ತಿತ್ತು. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗಿತ್ತು.

ಸಿನಿಮಾದ ಮಾತುಗಳಿಗೆ ದೊಡ್ಡ ಅರಬಿ ನಟಿಯೊಬ್ಬರು ಒಪ್ಪಿದ್ದರು, ಆದರೆ ಅವರು ಬರುವುದು ಕಡೆಯಲ್ಲಿ. ಜುನ್‌ಗೆ ಒಂಟೆಯ ಬಾಯಿ ಅಲ್ಲಾಡಿಸಲು ಈಗಲೇ ಒಂದು ಧ್ವನಿ ಬೇಕು. ಯಾರದ್ದಾದರೂ ಆದೀತು, ಯಾವ ಭಾಷೆಯಾದರೂ ಆದೀತು, ಉದ್ದಗಲ ಗೊತ್ತಾದರೆ ಸಾಕು ಎಂದು ಮುದೀರ್ ತೀರ್ಮಾನಿಸಿದರು. ಹೀಗೆ ತಾತ್ಕಾಲಿಕವಾಗಿ ನಾನು ಮರಿ ಒಂಟೆಯಾದೆ. ಅಜ್ಜಿ ಒಂಟೆಗೆ ನನ್ನ ಗಂಟಲು ಸಾಲಲಿಲ್ಲ. "ನಿನ್ನ ಮನೆಯಲ್ಲಿ ಒಬ್ಬ ಮಾಮಾ ಇದ್ದಾರಲ್ಲ?" ಎಂದರು ಮುದೀರ್. ಇಲ್ಲಿ ವಯಸ್ಸಾದ ಹೆಂಗಸರೆಲ್ಲ ಮಾಮಾ.

ಅತ್ತೆ ಮದುವೆಗೆ ಹೊರಟವರಂತೆ ರೇಷ್ಮೆ ಸೀರೆ ಉಟ್ಟು, ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ಗೋಡೆಗೆಲ್ಲ ಕಂಬಳಿ ಹೊಡೆದ ಒಂದು ಸ್ಟೋರ್ ರೂಮೇ ನಮ್ಮ ರೆಕಾರ್ಡಿಂಗ್ ಸ್ಟುಡಿಯೋ. ಮಗು ಮೇಜಿನ ಕೆಳಗೆ ಕುಳಿತಿತು. ಜುನ್ ಒಂದು ಕ್ಯಾಮೆರಾವನ್ನು ಅತ್ತೆಯ ಮುಖಕ್ಕೆ ತಿರುಗಿಸಿಟ್ಟ. ನಾನು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳಿಕೊಟ್ಟೆ, ಅತ್ತೆ ಅದನ್ನು ತಮ್ಮ ಕನ್ನಡಕ್ಕೆ ಹಾಕಿ ಹೇಳುತ್ತ ಬಂದರು. ಕೊನೆಯ ದೃಶ್ಯದವರೆಗೂ ಎಲ್ಲ ಸುಸೂತ್ರ. ಅಜ್ಜಿ ಒಂಟೆ ಮರಿಯನ್ನು ಬಿಟ್ಟು ಹೊರಡಬೇಕು.

"ಅತ್ತೆ, 'ನಾನು ಹೋಗ್ತೇನೆ ಮಗಾ' ಅಂತ ಹೇಳಿ."

ಅತ್ತೆ ತುಟಿ ಮುಂದೆ ಮಾಡಿದರು. "ಹೋತೆ ಅಂದೇಳಿ ಹೇಳುಕಾಗ. ಬತ್ತೆ ಅಂದೇಳಿ ಹೇಳ್ಕ್."

ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಹೊಸ್ತಿಲು ದಾಟುವವರು ಯಾರೂ ಹೋಗುತ್ತೇನೆ ಎನ್ನುವುದಿಲ್ಲ. ಬರುತ್ತೇನೆ ಎನ್ನುತ್ತಾರೆ. ಕುಂದಾಪುರದಲ್ಲಿ ಅದು ಬತ್ತೆ. ಹೋಗುತ್ತೇನೆ ಎಂದವರು ಹೋಗಿಯೇ ಬಿಟ್ಟರೆ ಎಂಬ ಹೆದರಿಕೆ. ಆದರೆ ಅದನ್ನು ಮುದೀರ್ ಅವರಿಗೆ ಇಂಗ್ಲಿಷಿನಲ್ಲಿ ವಿವರಿಸಿ ನೋಡಿ, ನನ್ನ ಪಾಡು ಗೊತ್ತಾಗುತ್ತದೆ. ಅವರು ತುಂಬ ಹೊತ್ತು ಕೇಳಿ, "ಮಾಮಾ ಈಸ್ ಕಮಿಂಗ್ ಆರ್ ಗೋಯಿಂಗ್?" ಎಂದರು.

"ಗೋಯಿಂಗ್, ಸರ್. ಬಟ್ ಶಿ ವಿಲ್ ಸೇ ಕಮಿಂಗ್."

"ಖಲಾಸ್. ಲೆಟ್ ಹರ್ ಸೇ. ಯಲ್ಲಾ" ಎಂದು, ಸಾಕು ನಡೆಯಿರಿ ಎನ್ನುವ ಹಾಗೆ ಕೈ ಬೀಸಿ, ಅವರು ನಮಾಜಿಗೆ ಎದ್ದು ಹೋದರು. ಅತ್ತೆ ಮೈಕಿನ ಕಡೆ ನೋಡಲೇ ಇಲ್ಲ. ಮೇಜಿನ ಕೆಳಗಿದ್ದ ಮಗುವನ್ನು ನೋಡಿ, "ಬತ್ತೆ ಮಗಾ" ಎಂದರು. ಜುನ್ ಹೆಬ್ಬೆರಳು ಎತ್ತಿದ.

ಆಮೇಲೆ ಜುನ್ ಅದನ್ನು ಮಾಡಿದ ಬಗೆ ನೋಡಬೇಕಿತ್ತು. ಮೇಜಿನ ಮೇಲೆ ಒಂದು ಪುಟ್ಟ ಕನ್ನಡಿ ಇಟ್ಟುಕೊಂಡು, ಉದ್ದವಾಯಿತೆಂದು 'ಮಗಾ' ಕತ್ತರಿಸಿ, ಅರ್ಥ ಗೊತ್ತಿಲ್ಲದ 'ಬತ್ತೆ'ಯನ್ನಷ್ಟೇ ತಾನೇ ನೂರು ಸಲ ಹೇಳಿ, ಕ್ಯಾಮೆರಾದಲ್ಲಿ ಅತ್ತೆಯ ಬಾಯಿಯನ್ನೂ ಕನ್ನಡಿಯಲ್ಲಿ ತನ್ನ ಬಾಯಿಯನ್ನೂ ನೋಡಿ, ಒಂಟೆಯ ಬಾಯಿಗೆ ಇಳಿಸುತ್ತಿದ್ದ. ಬಾಕಿ ಅಕ್ಷರಗಳಲ್ಲಿ ಎಷ್ಟು ಮೋಸ ಮಾಡಿದರೂ ನಡೆಯುತ್ತದೆ, ತುಟಿ ಕೂಡುವ ಅಕ್ಷರಗಳಲ್ಲಿ ಮಾತ್ರ ಮಾಡುವ ಹಾಗಿಲ್ಲ, ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ ಎಂದು ನನಗೆ ಕಲಿಸಿದವನು ಅವನೇ. ನಮ್ಮ ಕನ್ನಡ ಮೇಷ್ಟ್ರು ಇದನ್ನೇ ಪ ಫ ಬ ಭ ಮ ಎಂದು ಬೆತ್ತ ಹಿಡಿದು ಕಲಿಸಿದ್ದರು, ಆಗ ತಲೆಗೆ ಹೋಗಿರಲಿಲ್ಲ. ಬತ್ತೆ ಎನ್ನುವಾಗ ತುಟಿ ಕೂಡಿ ಬಿಡುತ್ತದೆ, ನಾಲಗೆ ಹಲ್ಲಿಗೆ ತಾಗುತ್ತದೆ, ಬಾಯಿ ಅರ್ಧ ತೆರೆದು ನಿಲ್ಲುತ್ತದೆ. ಅದನ್ನೂ ಅವನೇ ತೋರಿಸಿದ.

ಊರಿಗೆ ಹೊರಡುವ ಮೊದಲು ಅತ್ತೆಗೆ ಆ ದೃಶ್ಯ ತೋರಿಸಿದೆವು. ಪರದೆಯ ಮೇಲೆ ಬೋಳು ಒಂಟೆಯೊಂದು ಕೆಳತುಟಿ ಚಾಚಿ, ಅಡಿಕೆ ಜಗಿಯುವ ಲಯದಲ್ಲೇ ಗದ್ದ ಆಡಿಸುತ್ತಿತ್ತು. ನನ್ನ ಗಂಡ ನೋಡಿದವನೇ "ಅಯ್ಯೋ, ಅಮ್ಮ" ಎಂದ. ಅತ್ತೆ ಅವನನ್ನು ನೋಡಿದರು, ಒಂಟೆಯನ್ನು ನೋಡಿದರು, ನನ್ನನ್ನು ನೋಡಿದರು.

"ನನ್ನ ಕರ್ಕಬಂದ್ ಒಂಟೆ ಮಾಡಿರ್ಯಾ?"

ಮೈತ್ರಿಗೆ ಮಾತ್ರ ಪರಮಾನಂದ. "ಅಜ್ಜಿ ಒಂಟೆ" ಎಂದು ಕುಣಿದಳು. ಮೊಮ್ಮಗಳ ಖುಷಿಗೆ ಅತ್ತೆ ಒಂಟೆತನವನ್ನು ಕ್ಷಮಿಸಿದರು. ನನ್ನನ್ನು ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ.

ವೀಸಾ ಮುಗಿಯಿತು. ವಿಮಾನ ನಿಲ್ದಾಣದಲ್ಲಿ ಮಗು ಅಜ್ಜಿಯ ಸೆರಗು ಬಿಡಲಿಲ್ಲ. ಅತ್ತೆ ಬಗ್ಗಿ ಕೆನ್ನೆ ಸವರಿ, "ಬತ್ತೆ ಮಗಾ" ಎಂದರು. ಮಗು ತಕ್ಷಣ ಕೈ ಬಿಟ್ಟಿತು. ಬರುತ್ತೇನೆ ಎಂದ ಮೇಲೆ ಅಳುವುದು ಯಾಕೆ?

ಅವರು ಹೋದ ಮೇಲೆ ಅರಬಿ ನಟಿ ಬಂದರು. ಅಲ್ಲೊಂದು ಎಡವಟ್ಟು. ಅವರ ಮಾತು 'ಅನಾ ರಾಯ್ಹಾ', ನಾನು ಹೊರಟೆ ಎಂದು. ಅದರಲ್ಲಿ ಎಲ್ಲಿಯೂ ತುಟಿ ಕೂಡುವುದಿಲ್ಲ. ಪರದೆಯ ಮೇಲಿನ ಒಂಟೆಯೋ, ಇಷ್ಟು ದೊಡ್ಡ ತುಟಿಯನ್ನು ಪಟ್ಟೆಂದು ಕೂಡಿಸಿ ಬಿಡುತ್ತದೆ. ಪುನಃ ಬೇಯಿಸಲು ಸಮಯವಿಲ್ಲ. ಜುನ್ ತಲೆಯ ಮೇಲೆ ಕೈ ಹೊತ್ತು ಕುಳಿತ. ಮುದೀರ್ ಒಂಟೆಯ ಬಾಯಿಯನ್ನೇ ನೋಡಿ ನೋಡಿ, ತಾವೂ ತುಟಿ ಆಡಿಸಿ ಆಡಿಸಿ, ಕಡೆಗೆ "ಬರೂಹ್" ಎಂದರು. ನಟಿ ಹಾಗೇ ಹೇಳಿದರು. ಅಚ್ಚು ಹೊಯ್ದ ಹಾಗೆ ಕೂತಿತು. ಕುವೈತಿನ ಮನೆಮಾತಿನಲ್ಲಿ ಬರೂಹ್ ಎಂದರೆ ಹೋಗುತ್ತೇನೆ ಎಂದರ್ಥ.

ನನಗೆ ನಗು ತಡೆಯಲಾಗಲಿಲ್ಲ. ಅದೇ ಸಂಜೆ ಫೋನ್ ಕಾರ್ಡ್ ಕೆರೆದು ಕುಂದಾಪುರಕ್ಕೆ ಕರೆ ಮಾಡಿ, "ಅತ್ತೆ, ನಿಮ್ಮ ಒಂಟೆ ಈಗ ಅರಬಿಯಲ್ಲಿ ಹೋಗ್ತೇನೆ ಅಂತ ಹೇಳ್ತದೆ" ಎಂದೆ.

"ಬಾಯಿ ಎಂತ ಹೇಳತ್ತ್?"

"ಬಾಯಿ ಬತ್ತೆ ಅಂತಲೇ ಹೇಳ್ತದೆ."

"ಹಾಂಗಾರ್ ಸಾಕ್. ಬಾಯಿ ನಂದಲ್ದಾ?"

ಆ ವರ್ಷದ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಜ್ವರ ಎಂದು ಮಲಗಿದವರು ಏಳಲಿಲ್ಲ. ಗಂಡನೊಬ್ಬನೇ ಸಿಕ್ಕಿದ ವಿಮಾನ ಹತ್ತಿದ. ನಾನು ಮಗುವಿನೊಡನೆ ಇಲ್ಲಿಯೇ ಉಳಿದೆ. ಸಾವು ಎಂದರೆ ಏನೆಂದು ನನಗೆ ತಿಳಿದಷ್ಟನ್ನು ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ಆದ್ರೆ ಅಜ್ಜಿ ಬತ್ತೆ ಅಂದಿದ್ಲಲ್ಲ" ಎಂದಳು. ಕೆಲವು ತಿಂಗಳು, ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತ ಸದ್ದಾದರೆ ಬಾಗಿಲಿಗೆ ಓಡುತ್ತಿದ್ದಳು. ನನಗೆ ಆ ಲಿಫ್ಟಿನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ದಿನ ಓಡುವುದು ನಿಂತಿತು.

ಈದ್ ಹಬ್ಬಕ್ಕೆ ನಮ್ಮ ಸಿನಿಮಾ ಒಂದು ಮಾಲ್‌ನಲ್ಲಿ ಪ್ರದರ್ಶನ ಕಂಡಿತು. ಕೊನೆಯಲ್ಲಿ ಅಜ್ಜಿ ಒಂಟೆ ತುಟಿ ಕೂಡಿಸಿ "ಬರೂಹ್" ಎಂದಿತು. "ವಾಟ್ ಈಸ್ ಬರೂಹ್?" ಎಂದಳು ಮೈತ್ರಿ. ಹೋಗ್ತೇನೆ ಅಂತ, ಎಂದೆ. ಅವಳು ತೆರೆಯಿಂದ ಕಣ್ಣು ತೆಗೆಯದೆ ಹೇಳಿದಳು: "ದಿಸ್ ಅಜ್ಜಿ ಈಸ್ ಗುಡ್. ಶಿ ಟೋಲ್ಡ್ ದ ಟ್ರುತ್. ಅವರ್ ಅಜ್ಜಿ ಲೈಡ್."

ಕತ್ತಲಿತ್ತು, ಒಳ್ಳೆಯದಾಯಿತು, ನಾನು ಅತ್ತದ್ದು ಯಾರಿಗೂ ಕಾಣಲಿಲ್ಲ. ಆಮೇಲೆ ನಾನು ಎಷ್ಟು ಸಲ ಆ ಮಾತಿನ ರೀತಿಯನ್ನು ವಿವರಿಸಲು ಹೋದರೂ ಅವಳು ಎದ್ದುಬಿಡುತ್ತಿದ್ದಳು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಶುರು ಮಾಡಿದ್ದೂ ಆಗಲೇ. ಎಲ್ಲವನ್ನೂ ಆ ಬಡಪಾಯಿ ಶಬ್ದದ ತಲೆಗೆ ಕಟ್ಟುವುದು ನ್ಯಾಯವಲ್ಲ, ಇಲ್ಲಿಯ ಮಕ್ಕಳೆಲ್ಲ ಹಾಗೆಯೇ. ಆದರೆ ಬೇರೆ ಮಕ್ಕಳು ಕನ್ನಡವನ್ನು ಮರೆತವು, ನನ್ನ ಮಗಳು ಕೋಪ ಮಾಡಿಕೊಂಡು ಬಿಟ್ಟಳು. ಅಜ್ಜಿ ಸುಳ್ಳುಗಾತಿಯಾಗಿ ಅವಳ ಮನಸ್ಸಿನಲ್ಲಿ ಉಳಿದುಬಿಡುತ್ತಾಳೆ ಎಂಬುದೊಂದೇ ಇಷ್ಟು ವರ್ಷ ನನ್ನನ್ನು ಕೊರೆದ ಸಂಕಟ. ನಗಿಸಲೆಂದು ಊರಿಗೆಲ್ಲ ಕತೆ ಹೇಳುತ್ತ ಬಂದೆನಲ್ಲ, ಅದು ಅವಳ ಕಿವಿಗೊಂದು ದಿನ ಬಿದ್ದೀತು ಎಂಬ ದೂರದ ಆಸೆಯಿಂದ.

ಮೊನ್ನೆ ಹಪ್ಪಳ ಕಚ್ಚಿಕೊಂಡೇ ಅವಳು ಗುಂಡಿ ಹೊಲಿಯಲೆಂದು ಸೂಜಿದಾರದ ಬಿಸ್ಕತ್ತಿನ ಡಬ್ಬಿ ತೆರೆದಳು. ಅದರ ತಳದಲ್ಲಿ ಆ ಸಿನಿಮಾದ ಡಿಸ್ಕ್ ಇತ್ತು. ಇದು ಇಡುವುದೋ ಎಸೆಯುವುದೋ ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಓಡ್ತದಾ ನೋಡು" ಎಂದೆ, ಮೈಯೆಲ್ಲ ಕಿವಿಯಾಗಿ. ಹಳೆಯ ಪ್ಲೇಯರ್, ವೈರು ಸಡಿಲ. ಚಿತ್ರ ಬಂತು, ಸದ್ದು ಬರಲಿಲ್ಲ. ಅವಳು ಕೊನೆಯ ಭಾಗಕ್ಕೆ ಓಡಿಸಿದಳು. ಒಂಟೆ ತುಟಿ ಚಾಚಿತು. ಬಾಯಿ ಆಡಿತು.

ಹಪ್ಪಳ ಕಚ್ಚುವ ಸದ್ದು ನಿಂತಿತು.

"ವೇಟ್. ಶಿ ಈಸ್ ನಾಟ್ ಸೇಯಿಂಗ್ ಬರೂಹ್."

ಶಾಲೆಯಲ್ಲಿ ಅಷ್ಟು ವರ್ಷ ಅರಬಿ ಕಲಿತವಳು. ಬರೂಹ್ ಎಂದರೆ ತುಟಿ ದುಂಡಾಗಬೇಕು. ಹಿಂದೆ ಓಡಿಸಿ ಮತ್ತೊಮ್ಮೆ ನೋಡಿದಳು, ಇನ್ನೊಮ್ಮೆ ನೋಡಿದಳು, ಅವಳಿಗರಿವಿಲ್ಲದೆ ಅವಳ ಬಾಯಿಯೂ ಆಡುತ್ತಿತ್ತು. ನನ್ನ ಕಡೆ ತಿರುಗಿ ಮೆಲ್ಲಗೆ, "ಅಜ್ಜಿ?" ಎಂದಳು.

ಒಲೆ ಆರಿಸಿ ಬಂದು ಪಕ್ಕದಲ್ಲಿ ಕುಳಿತೆ. ಕತೆಯನ್ನು ಈ ಸಲ ನಗಿಸದೆ ಹೇಳಿದೆ, ಅವಳು ಏಳಲಿಲ್ಲ. ಮೇಜಿನ ಕೆಳಗೆ ಕುಳಿತದ್ದು ಅವಳಿಗೆ ನೆನಪಿತ್ತು.

"ಸೋ, ಇಟ್ ವಾಸ್ನ್ಟ್ ಎ ಪ್ರಾಮಿಸ್?"

"ಅಲ್ಲ ಮಗಾ. ನನಗೆ ಹೋಗ್ಲಿಕ್ಕೆ ಮನಸ್ಸಿಲ್ಲ ಅಂತ ಹೇಳುವ ರೀತಿ ಅದು."

"ದೆನ್ ಶಿ ಶುಡ್ ಹ್ಯಾವ್ ಜಸ್ಟ್ ಸೆಡ್ ದಟ್" ಎಂದು ತುಟಿ ಮುಂದೆ ಮಾಡಿದಳು. ಆ ತುಟಿಯೊಡನೆ ವಾದ ಮಾಡಿ ಗೆದ್ದವರಿಲ್ಲ. ಅವಳು ಡಿಸ್ಕನ್ನು ತೆಗೆದು ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಟ್ಟಳು. ಮೈಸೂರಿನಲ್ಲಿ ಅದನ್ನು ಓಡಿಸಲು ಯಂತ್ರ ಎಲ್ಲಿದೆ ಎಂದು ನಾನು ಕೇಳಲು ಹೋಗಲಿಲ್ಲ.

ನಿನ್ನೆ ಮಧ್ಯಾಹ್ನ ಅವಳನ್ನು ಬಿಡಲು ಹೋದೆವು. ಹೊರಡುವಾಗ ಗಂಡ "ಹೋಯಿ ಬಾ ಮಗಾ" ಎಂದ. ಅವಳು ಎಂದಿನಂತೆ "ಟೇಕ್ ಕೇರ್, ಪಪ್ಪಾ" ಎಂದಳು. ನನ್ನನ್ನು ತಬ್ಬಿಕೊಂಡು ಸಾಲಿಗೆ ಸೇರಿಕೊಂಡಳು. ಪಾಸ್‌ಪೋರ್ಟಿನ ಸಾಲು ಕರಗಿ ಅವಳು ಗಾಜಿನ ಗೋಡೆಯ ಆಚೆ ದಾಟಿದ ಮೇಲೆ ಒಮ್ಮೆ ತಿರುಗಿ ನಿಂತಳು. ಕೈ ಎತ್ತಿದಳು. ಬಾಯಿ ಆಡಿತು. ಗಾಜಿನ ಈಚೆಗೆ ಸದ್ದು ಬರುವಂತಿರಲಿಲ್ಲ.

"ಬೈ ಅಂದ್ಳ್ ಕಾಣ್" ಎಂದ ಗಂಡ, ಕಣ್ಣೊರೆಸಿಕೊಳ್ಳುತ್ತ.

"ಬೈ ಅಲ್ಲ" ಎಂದೆ. ಬೈ ಎಂದರೆ ಬಾಯಿ ಅಗಲವಾಗಿ ತೆರೆದು ನಗುವಿನ ಹಾಗೆ ಮುಗಿಯಬೇಕು. ನಾಲಗೆ ಹಲ್ಲಿಗೆ ತಾಗಿದ್ದನ್ನು ನಾನು ನೋಡಿದೆ.

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. "ಅಷ್ಟ್ ದೂರದಿಂದ ನಾಲ್ಗಿ ಕಂಡ್ತಾ ನಿಂಗೆ? ಕನ್ನಡಕ ಕಾರಲ್ಲೇ ಬಿಟ್ ಬಂದಿದ್ಯಲೆ ಮರಾಯ್ತಿ."

ಕನ್ನಡಕ ಕಾರಿನಲ್ಲೇ ಇತ್ತು, ನಿಜ. ಆದರೆ ಬಾಯಿ ಅತ್ತೆಯದಲ್ಲವೇ?